ದನದ ಮೂಳೆಪುಡಿ: ರೋಗಿಗೆ ಮೊದಲೇ ತಿಳಿಸಿ

ಮಾನ್ಯ ಸಂಪಾದಕರೆ,

ಇಂಪ್ಲಾಂಟ್ (ಕೃತಕ ಹಲ್ಲಿಗೆ ಆಧಾರವಾಗುವ ಬೇರು) ಹಾಕುವ ಮುನ್ನ ಸವೆದ ದವಡೆಗೆ ದನದ ಮೂಳೆಯಿಂದ ಮಾಡಿದ ಪುಡಿ ತುಂಬುವುದುಂಟು. ಅದೇ ಮೂಳೆಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾವು, ರಾಸಾಯನಿಕಗಳಿಂದ ಕೊಬ್ಬು, ಪ್ರೋಟೀನು ತೆಗೆದ ಮೇಲೆ ಉಳಿಯುವುದು ಸಣ್ಣ ತೂತುಗಳ ಖನಿಜ ಮಾತ್ರ. ಕಾಳಿನ ಗಾತ್ರ ಸಾಮಾನ್ಯವಾಗಿ 0.25ರಿಂದ 1 ಮಿ.ಮೀ. ನಮ್ಮ ದೇಹದಲ್ಲಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಅದರ ಒರಟು ಮೈಗೆ ಅಂಟಿ, ಚಪ್ಪಟೆಯಾಗಿ ಹರಡಿ, ಮೊದಲು ಕೊಲಾಜನ್ ಎಂಬ ಪ್ರೋಟೀನಿನ ನಾರು ನೇಯುತ್ತವೆ; ಕ್ಯಾಲ್ಸಿಯಂ ಕೂಡುವುದು ಆಮೇಲೆ. ಪುಡಿ ಬರೀ ಹಂದರ, ಹಬ್ಬುವ ಬಳ್ಳಿ ನಮ್ಮದೇ.

ಪುಡಿಯನ್ನು ಸಲೈನ್ ಅಥವಾ ರೋಗಿಯ ರಕ್ತದಲ್ಲಿ ನೆನೆಸಿ ಹಗುರವಾಗಿ ತುಂಬಬೇಕು. ಒತ್ತಿ ತುರುಕಿದರೆ ಕಾಳುಗಳ ನಡುವೆ ರಕ್ತನಾಳ ನುಗ್ಗಲು ಎಡೆಯಿರದು. ತುಂಬಿದ್ದು ಅಲುಗಾಡಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. ತಂಬಾಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದರಂತೂ ಗಾಯ ಮಾಯುವುದೇ ಕಷ್ಟ. ಇಂಪ್ಲಾಂಟ್ ಹಾಕಲು ಸಾಮಾನ್ಯವಾಗಿ 6 ತಿಂಗಳು ಕಾಯುವುದು ಒಳಿತು. ಕಾಳುಗಳು ವರ್ಷಗಟ್ಟಲೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಅದನ್ನೇ ಹೊಸ ಮೂಳೆ ಎನ್ನಬಾರದು.

ಮೇಲೆ ಹೊದಿಸುವ ಪೊರೆ ಹಲವು ಬಾರಿ ಹಂದಿಯದು. ಕಲಬುರಗಿಯಂಥ ಊರಲ್ಲಿ ಸಹಿ ಪಡೆಯುವ ಮುನ್ನ ಇದನ್ನೆಲ್ಲ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಲೇಬೇಕು. ಒಲ್ಲದವರಿಗೆ ಅವರದೇ ಮೂಳೆ ಅಥವಾ ಕೃತಕ ಪುಡಿ ಉಂಟು.

– ದಂತ ವೈದ್ಯರು, ಕಲಬುರಗಿ