ಟರ್ಕಿ ಕೈಮ ಒಂದು ಸಲ ಕೆಟ್ಟಿತೆಂದು ಬಿಡಬೇಡ ಪುಟ್ಟಿ

ಎಡಿಸನ್, ನ್ಯೂಜೆರ್ಸಿ

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸೆಲ್ಲ ಅಲ್ಲೇ ಇದೆ. ಅಳಿಯಂದಿರಿಗೆ ಕೊಲೆಸ್ಟ್ರಾಲ್ ಜಾಸ್ತಿ ಆಗಿದೆ, ಮಟನ್ ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ನೀನು ಆಸೆಪಟ್ಟು ಟರ್ಕಿ ಕೋಳಿಯ ಕೈಮ ಮಾಡಿದೆ. ಮಕ್ಕಳು ಒಂದು ತುತ್ತು ತಿಂದು ತಟ್ಟೆ ಸರಿಸಿದರು. "ರಬ್ಬರ್ ಥರ ಆಯ್ತು ದೊಡ್ಡಮ್ಮ, ಇನ್ನು ಅದನ್ನ ಮನೆಗೇ ತರಲ್ಲ" ಅಂದೆಯಲ್ಲ, ಆ ಮಾತಿಗೇ ಈ ಕಾಗದ. ನಿನ್ನ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದಾಗಿನಿಂದ ನಮ್ಮ ಮನೆಯಲ್ಲಿ ಕೈಮ ಅಂದರೆ ಟರ್ಕಿಯೇ. ಕೈ ಪಳಗೋಕೆ ನನಗೂ ತಿಂಗಳುಗಟ್ಟಲೆ ಬೇಕಾಯಿತು.

ತಪ್ಪು ನಿನ್ನ ಕೈಯದಲ್ಲ, ಪ್ಯಾಕೆಟ್ಟಿನದು. ನೀನು 99 ಪರ್ಸೆಂಟ್ ಲೀನ್, ಅಂದರೆ ನೂರರಲ್ಲಿ ಒಂದೇ ಪಾಲು ಕೊಬ್ಬಿರೋದು, ತಂದಿದ್ದೆ. ಅದು ಬರೀ ಎದೆಮಾಂಸ, ಜಿಡ್ಡು ಇಲ್ಲವೆನ್ನುವಷ್ಟು ಕಮ್ಮಿ. ಒಲೆಯ ಮೇಲೆ ಸ್ವಲ್ಪ ಹೊತ್ತು ಹೆಚ್ಚಾದರೂ ಒಣಗಿ ಬಿಗಿಯಾಗುತ್ತದೆ. ನೀನು 93 ಅಂತ ಬರೆದದ್ದನ್ನು ತಾ. ಒಂದು ಪೌಂಡಿನಲ್ಲಿ ಸುಮಾರು 32 ಗ್ರಾಂ ಕೊಬ್ಬು ಇರುತ್ತದೆ, ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 8 ಗ್ರಾಂ. ಅಷ್ಟು ಇದ್ದರೇನೇ ಕೈಮ ಮೆತ್ತಗಿರೋದು. ಟರ್ಕಿ ಅಂದಮೇಲೆ ಎಲ್ಲಾ ಹಗುರ ಅಂದುಕೊಳ್ಳಬೇಡ. 85 ಅಂತ ಇದ್ದರೆ ಅದೇ ಒಂದು ಪೌಂಡಿನಲ್ಲಿ 68 ಗ್ರಾಂ. ಸುಮ್ನೆ 'ಗ್ರೌಂಡ್ ಟರ್ಕಿ' ಅಂತ ಬರೆದಿರೋದರಲ್ಲಿ ಚರ್ಮ, ಕೊಬ್ಬು ಎಲ್ಲಾ ಸೇರಿರಬಹುದು. ಮೊದಮೊದಲು ನಾನು ಅಂಥದ್ದನ್ನೇ ತಂದು, ಒಳ್ಳೇದು ಅಂತ ನಂಬಿ ತಿಂಗಳುಗಟ್ಟಲೆ ನಿನ್ನ ದೊಡ್ಡಪ್ಪನಿಗೆ ಬಡಿಸಿದೆ. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಇನ್ನೊಂದು ಮಾತು. ಊರಲ್ಲಿ ಮಾಂಸ ಮೂರು ಸಲ ತೊಳೆದು ಅಭ್ಯಾಸ ನಮಗೆ. ಇದನ್ನು ತೊಳೆಯಬೇಡ. ನೀರು ಸಿಡಿದು ಸಿಂಕ್, ಪಕ್ಕದ ಪಾತ್ರೆ, ತರಕಾರಿಗೆಲ್ಲ ಕ್ರಿಮಿ ಅಂಟುತ್ತದೆ. ಕ್ರಿಮಿ ಸಾಯೋದು ಬೇಯಿಸಿದಾಗ. ಬಣ್ಣ ನೋಡಿ ಬೆಂದಿದೆ ಅನ್ನಬೇಡ. ಥರ್ಮಾಮೀಟರ್ ಚುಚ್ಚಿ ನೋಡು, 165 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು. ತಂದ ಕೈಮ ಫ್ರಿಜ್‌ನಲ್ಲಿ ಎರಡು ದಿನ ದಾಟಬಾರದು, ಇಲ್ಲದಿದ್ದರೆ ಫ್ರೀಜರ್‌ಗೆ ಹಾಕು.

ಈಗ ಅಡುಗೆಗೆ ಬಾ. ಟ್ಯಾಕೊ, ಬರ್ಗರ್ ಬೇಡ ಅನ್ನಲ್ಲ. ಆದರೆ ನಮ್ಮ ಕೈಮ ಉಂಡೆ ಸಾರಿಗೆ ಟರ್ಕಿ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ಅದಕ್ಕೆ ತನ್ನದೇ ರುಚಿ ಕಮ್ಮಿ, ಹಾಕಿದ ಮಸಾಲೆಯನ್ನೆಲ್ಲ ಹೀರಿಕೊಳ್ಳುತ್ತದೆ. ಒಂದು ಪೌಂಡಿಗೆ ಎರಡು ಹಿಡಿ ಮೆಂತ್ಯ ಸೊಪ್ಪು ಸಣ್ಣಗೆ ಹೆಚ್ಚಿ ಹಾಕು. ಈರುಳ್ಳಿಯನ್ನೂ ಹಾಗೇ ಹೆಚ್ಚು, ರುಬ್ಬಬೇಡ, ನೀರು ಬಿಡುತ್ತದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ ಲವಂಗ ಜಜ್ಜಿ ಸೇರಿಸು. ಹುರಿಗಡಲೆ ಪುಡಿ ಮೂರು ಚಮಚ ಮರೆಯಬೇಡ. ಮಟನ್ ಕೈಮಕ್ಕೆ ಕಮ್ಮಿ ಸಾಕು, ಟರ್ಕಿ ಕೈಮ ಕಲಸಿದರೆ ಅಂಟಂಟು, ಪುಡಿ ಇಲ್ಲದಿದ್ದರೆ ಉಂಡೆ ನಿಲ್ಲಲ್ಲ. ಅಂಗೈಗೆ ನೀರು ಸವರಿಕೊಂಡು ಪುಟ್ಟ ನಿಂಬೆಹಣ್ಣಿನಷ್ಟು ಉಂಡೆ ಕಟ್ಟು. ಅಂಗೈಯಲ್ಲಿ ಇಟ್ಟಾಗ ಚಪ್ಪಟೆಯಾಗದೆ ಗುಂಡಗೆ ಕೂತರೆ ಹದ ಬಂತು.

ಸಾರು ಕುದಿ ಬಂದಮೇಲೆ ಉರಿ ತಗ್ಗಿಸಿ ಒಂದೊಂದೇ ಬಿಡು. ಸೌಟು ಹಾಕಬೇಡ. ನಿನ್ನ ಅಜ್ಜಿ ಮದ್ದೂರಿನ ಮನೆಯಲ್ಲಿ ಮಾಡುತ್ತಿದ್ದಳಲ್ಲ, ಸೆರಗಿನಲ್ಲಿ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಒಮ್ಮೆ ಅಲ್ಲಾಡಿಸೋದು, ಹಾಗೆ ಮಾಡು. (ನೀನು ದಪ್ಪ ಬಟ್ಟೆ ತಗೋ.) ಹದಿನೈದು ನಿಮಿಷ ಸಾಕು. ಮಟನ್ ಥರ ಗಂಟೆಗಟ್ಟಲೆ ಕುದಿಸಿದರೆ ಮತ್ತೆ ಅದೇ ರಬ್ಬರ್.

ಸಾರಿಗೆ ಅರ್ಧ ಹೋಳು ತೆಂಗಿನಕಾಯಿ ರುಬ್ಬಿದರೆ ಟರ್ಕಿ ತಂದು ಏನು ಬಂತು ಹೇಳು? ಎರಡು ಚಮಚ ಕಾಯಿ ಸಾಕು. ಗಟ್ಟಿ ಬೇಕಾದರೆ ಬೇಯಿಸಿದ ಸೋರೆಕಾಯಿ ನಾಲ್ಕು ಹೋಳು ಮಸಾಲೆ ಜೊತೆ ರುಬ್ಬು, ಮಕ್ಕಳಿಗೆ ಗೊತ್ತೇ ಆಗಲ್ಲ. ಫ್ರೋಜನ್ ಪರೋಟ ಬಿಡು. ಅಳಿಯಂದಿರಿಗೆ ಸಣ್ಣದೊಂದು ರಾಗಿ ಮುದ್ದೆ, ಮಕ್ಕಳಿಗೆ ಸ್ವಲ್ಪ ಅನ್ನ, ಎಲ್ಲರಿಗೂ ಸೌತೆಕಾಯಿ ಕೋಸಂಬರಿ. ತಲೆಗೆ ನಾಲ್ಕು ಉಂಡೆ ಬಡಿಸು. ಡಯಟ್ ಅನ್ನೋ ಮಾತು ಮಾತ್ರ ಊಟದ ಹೊತ್ತಲ್ಲಿ ಎತ್ತಬೇಡ. ಅಳಿಯಂದಿರು ಈಗಾಗಲೇ ಹೆದರಿದ್ದಾರೆ, ಅವರಿಗೆ ಬೇರೆ ಅಡುಗೆ ಮಾಡಿ ಒಂಟಿ ಕೂರಿಸಬೇಡ. ಮನೆಮಂದಿಗೆಲ್ಲ ಒಂದೇ ಸಾರು ಇರಲಿ.

ಶನಿವಾರ ಸಂಜೆ ಮಾಡು. ಉಂಡೆ ಕಟ್ಟುವ ಮುಂಚೆ ವಿಡಿಯೋ ಕಾಲ್ ಮಾಡು, ಕಲಸಿದ ಕೈಮದ ಹದ ನಾನು ನೋಡುತ್ತೇನೆ. ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ ದೊಡ್ಡಮ್ಮ