ಗಂಗೆಯ ಒಪ್ಪಂದ ಮತ್ತು ನಾವು ಕಂಡ 1974

ಮಾನ್ಯ ಸಂಪಾದಕರೆ,

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಂಗಾ ಜಲ ಹಂಚಿಕೆ ಒಪ್ಪಂದಕ್ಕೆ 2026ರ ಡಿಸೆಂಬರ್ 12ರಂದು ಮೂವತ್ತು ವರ್ಷ ತುಂಬುತ್ತದೆ. ಎರಡೂ ದೇಶಗಳು ಒಪ್ಪಿ ನವೀಕರಿಸಿದರೆ ಮಾತ್ರ ಅದು ಮುಂದುವರಿಯುತ್ತದೆ. ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಬ್ಯಾರೇಜು ಕಟ್ಟಿರುವ ಎಲ್ಲಿಯ ಫರಕ್ಕಾ, ಎಲ್ಲಿಯ ಹಾಸನ ಎಂದು ಕೇಳುವವರಿಗೆ ಒಂದು ಮಾತು ನೆನಪಿಸುತ್ತೇನೆ. 1996ರಲ್ಲಿ ದೆಹಲಿಯಲ್ಲಿ ಶೇಖ್ ಹಸೀನಾ ಅವರೊಂದಿಗೆ ಆ ಒಪ್ಪಂದಕ್ಕೆ ಸಹಿ ಹಾಕಿದವರು ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ, ಅಂದಿನ ಪ್ರಧಾನಿ ಎಚ್.ಡಿ. ದೇವೇಗೌಡರು. ಹಿಂದೆ ರಾಜ್ಯದ ನೀರಾವರಿ ಮಂತ್ರಿಯಾಗಿ ಕಾವೇರಿಯ ಮೇಲ್ದಂಡೆಯ ವಾದವನ್ನೇ ಮಂಡಿಸಿದ್ದವರು, ಕೆಳದಂಡೆಯ ಒಂದು ದೇಶಕ್ಕೆ ಬೇಸಿಗೆಯ ನೀರನ್ನು ಬರಹದಲ್ಲಿ ಒಪ್ಪಿಕೊಟ್ಟರು.

ಇಷ್ಟು ಬರೆಯಲು ಕಾರಣವಿದೆ. ಪಾಕಿಸ್ತಾನದೊಂದಿಗಿನ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿಟ್ಟಂತೆ ಇದನ್ನೂ ಬಿಟ್ಟುಬಿಟ್ಟರೆ ನಮಗೇನು ನಷ್ಟ ಎಂಬ ಮಾತು ನಮ್ಮೂರಿನ ಹೋಟೆಲಿನಲ್ಲೂ ಕೇಳಿಬರುತ್ತಿದೆ. ಹೇಮಾವತಿ ನಾಲೆಯ ಕೊನೆಭಾಗದಲ್ಲಿ ಗದ್ದೆಯಿಟ್ಟುಕೊಂಡಿರುವ ನನಗೆ ಆ ಮಾತು ಸರಿಯೆನಿಸಲಿಲ್ಲ.

ಒಪ್ಪಂದದಲ್ಲಿ ಇರುವುದೇನೆಂದು ಮೊದಲು ನೋಡಬೇಕು. ಮಳೆಗಾಲದ ನೀರಿಗೆ ಅದು ಕೈಹಾಕುವುದೇ ಇಲ್ಲ; ಜನವರಿ 1ರಿಂದ ಮೇ 31ರವರೆಗಿನ ಹರಿವನ್ನು ಹತ್ತು ಹತ್ತು ದಿನಗಳ ಕಂತಿನಲ್ಲಿ ಅಳೆದು ಹಂಚುತ್ತದೆ. ಫರಕ್ಕಾದಲ್ಲಿ 70,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ. ಅದಕ್ಕೂ ಹೆಚ್ಚಿದ್ದರೆ ನಮಗೆ 40,000, ಉಳಿದದ್ದು ಅವರಿಗೆ. ನೀರು ತೀರ ಇಳಿಯುವ ಮಾರ್ಚ್ 11ರಿಂದ ಮೇ 10ರ ನಡುವೆ ಒಂದು ಕಂತು ಇವರಿಗೆ, ಮುಂದಿನ ಕಂತು ಅವರಿಗೆ ಎಂಬಂತೆ ಸರದಿಯ ಮೇಲೆ 35,000 ಕ್ಯುಸೆಕ್ ಖಾತರಿಯಿದೆ. ನಾಲೆಗಳ ಕಟ್ಟು ನೀರಿನ ಪದ್ಧತಿ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಗಾತ್ರ ಮಾತ್ರ ನಮ್ಮ ಅಂದಾಜನ್ನು ಮೀರಿದ್ದು: 35,000 ಕ್ಯುಸೆಕ್ ಎಂದರೆ ದಿನಕ್ಕೆ ಸುಮಾರು 3 ಟಿಎಂಸಿ (ಒಂದು ಟಿಎಂಸಿ ನೂರು ಕೋಟಿ ಘನ ಅಡಿ), ತುಂಬಿದ ಹೇಮಾವತಿಯ ಗೊರೂರು ಜಲಾಶಯದ 37 ಟಿಎಂಸಿ ಹನ್ನೆರಡೇ ದಿನಗಳಲ್ಲಿ ಬರಿದಾಗುವಷ್ಟು.

ಈ 40,000ದ ಲೆಕ್ಕ ಎಲ್ಲಿಂದ ಬಂತೆಂದರೆ, ಹೂಳು ತುಂಬುತ್ತಿದ್ದ ಹೂಗ್ಲಿ ನದಿಯನ್ನು ತೊಳೆದು ಕೋಲ್ಕತ್ತ ಬಂದರನ್ನು ಉಳಿಸಲು 1975ರಲ್ಲಿ ಚಾಲನೆಗೊಂಡ ಫರಕ್ಕಾ ಬ್ಯಾರೇಜಿನ ನಾಲೆಯ ಸಾಮರ್ಥ್ಯವೇ ಅಷ್ಟು. ಆ ನೀರು ಇತ್ತ ತಿರುಗಿದಷ್ಟೂ ಅತ್ತ ಬಾಂಗ್ಲಾದ ನೈರುತ್ಯ ಭಾಗದಲ್ಲಿ ಗೊರಾಯಿಯಂತಹ ಕವಲು ನದಿಗಳು ಬೇಸಿಗೆಯಲ್ಲಿ ಸೊರಗಿ, ಸಮುದ್ರದ ಉಪ್ಪುನೀರು ಖುಲ್ನಾ, ಸುಂದರಬನಗಳ ಒಳಕ್ಕೆ ಏರುತ್ತದೆ. ಬಂದರೂ ಬೇಕು, ಗದ್ದೆಯೂ ಬೇಕು. ಜಗಳ ಹುಟ್ಟಿದ್ದು ಇಲ್ಲಿಯೇ.

ಒಪ್ಪಂದದಲ್ಲಿ ದೋಷಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಪಟ್ಟಿ ನಿಂತಿರುವುದು 1949ರಿಂದ 1988ರವರೆಗಿನ ಸರಾಸರಿ ಹರಿವಿನ ಮೇಲೆ. ಸಹಿಯಾದ ಮರುವರ್ಷವೇ, 1997ರ ಬೇಸಿಗೆಯಲ್ಲಿ, ಹರಿವು ಆ ಲೆಕ್ಕವನ್ನು ಸುಳ್ಳು ಮಾಡಿ ಕೆಳಗಿಳಿಯಿತು. 50,000 ಕ್ಯುಸೆಕ್‌ಗಿಂತ ಕಡಿಮೆಯಾದರೆ ಏನು ಮಾಡಬೇಕೆಂಬುದಕ್ಕೆ ಅದರಲ್ಲಿರುವ ಉತ್ತರ, ಎರಡೂ ಸರ್ಕಾರಗಳು ಕೂಡಲೇ ಕುಳಿತು ಮಾತಾಡಬೇಕು ಎಂಬುದಷ್ಟೇ. 1977ರ ಹಳೆಯ ಒಪ್ಪಂದದಲ್ಲಿ, ನೀರೆಷ್ಟೇ ಇಳಿದರೂ ಪಟ್ಟಿಯಲ್ಲಿ ನಮೂದಿಸಿದ ಬಾಂಗ್ಲಾದ ಪಾಲಿನಲ್ಲಿ ಶೇ 80ರಷ್ಟು ಕೊಡಲೇಬೇಕೆಂಬ ಷರತ್ತಿತ್ತು. 1996ರಲ್ಲಿ ಅದು ಬಿಟ್ಟುಹೋಯಿತು. ನವೀಕರಿಸುವಾಗ ತಿದ್ದಬೇಕಾದ್ದು ಇದನ್ನೇ.

ಆದರೆ ದೋಷವಿರುವ ಒಪ್ಪಂದಕ್ಕೂ ಒಪ್ಪಂದವೇ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಕಾವೇರಿ ಕೊಳ್ಳದವರಾದ ನಾವು ತಿಳಿದಷ್ಟು ಬೇರೆಯವರು ತಿಳಿದಿರಲಾರರು. ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ 1924ರಲ್ಲಿ ಆದ ಒಪ್ಪಂದ ನಮ್ಮ ಪಾಲಿಗೆ ಅನ್ಯಾಯದ್ದೆಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದರು. ಐವತ್ತು ವರ್ಷ ತುಂಬಿ 1974ರಲ್ಲಿ ಅದರ ಅವಧಿ ಮುಗಿಯಿತು. ಹಾಗೆ ಮುಗಿಯಿತೆಂದು ಸುಪ್ರೀಂ ಕೋರ್ಟ್ ಸಹ 2018ರಲ್ಲಿ ಹೇಳಿತು. ಹೊಸ ಒಪ್ಪಂದ ಮಾತ್ರ ಕೂಡಿಬರಲಿಲ್ಲ. ನ್ಯಾಯಮಂಡಳಿ ರಚನೆಯಾಗಲು 1990ರವರೆಗೆ ಹದಿನಾರು ವರ್ಷ, ಅದರ ಅಂತಿಮ ತೀರ್ಪು ಬರಲು 2007ರವರೆಗೆ ಇನ್ನೂ ಹದಿನೇಳು ವರ್ಷ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಹರಿಸಬೇಕಾದ ನೀರು 177.25 ಟಿಎಂಸಿ ಎಂದು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು ಮತ್ತೆ ಹನ್ನೊಂದು ವರ್ಷ. ಈ ನಡುವೆ 1991ರ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನ ಗಲಭೆಗಳಲ್ಲಿ ಏನೇನು ನಡೆಯಿತೆಂಬುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದೇ ಸಂವಿಧಾನ, ಒಂದೇ ನ್ಯಾಯಾಲಯವಿದ್ದ ಎರಡು ರಾಜ್ಯಗಳಿಗೆ ನಲವತ್ತನಾಲ್ಕು ವರ್ಷ ಹಿಡಿಯಿತು. ಎರಡು ದೇಶಗಳ ನಡುವೆ ಅಂತಹ ನ್ಯಾಯಾಲಯವೂ ಇಲ್ಲ. ಗಂಗೆಯಲ್ಲೇ 1988ರಿಂದ 1996ರವರೆಗೆ ಎಂಟು ವರ್ಷ ಯಾವ ಒಪ್ಪಂದವೂ ಇರಲಿಲ್ಲವೆಂಬುದನ್ನು ಮರೆಯಬಾರದು.

ಸಿಂಧೂವಿನ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ. 1960ರ ಆ ಒಪ್ಪಂದ ನದಿಗಳನ್ನೇ ಪಾಲು ಮಾಡಿತು: ರಾವಿ, ಬಿಯಾಸ್, ಸಟ್ಲೆಜ್ ನಮಗೆ, ಸಿಂಧೂ, ಝೇಲಂ, ಚಿನಾಬ್ ಬಹುಮಟ್ಟಿಗೆ ಪಾಕಿಸ್ತಾನಕ್ಕೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಹತ್ಯಾಕಾಂಡದ ಮರುದಿನ ಕೇಂದ್ರ ಸರ್ಕಾರ ಅದನ್ನು ಅಮಾನತಿನಲ್ಲಿಟ್ಟದ್ದು ಭಯೋತ್ಪಾದನೆಯ ಕಾರಣ ನೀಡಿ. ಅದರ ಸರಿತಪ್ಪು ಬೇರೆಯೇ ಚರ್ಚೆ. ಗಂಗೆಯಲ್ಲಿ ಹಂಚಬೇಕಾಗಿರುವುದು ಒಂದೇ ನದಿಯ ಬೇಸಿಗೆಯ ನೀರು. ಢಾಕಾದಲ್ಲಿ ಸರ್ಕಾರ ಬದಲಾದ ಮಾತ್ರಕ್ಕೆ ಫರಕ್ಕಾದ ಕೆಳಗಿನ ರೈತ ಬದಲಾಗಿಲ್ಲ.

ಇನ್ನು, ಮೇಲ್ದಂಡೆಯವರು ನಾವು ಎಂಬ ಹೆಮ್ಮೆ ಎಷ್ಟು ದೂರ ನಡೆಯುತ್ತದೆಂದೂ ಯೋಚಿಸಬೇಕು. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಗೆ ತಮಿಳುನಾಡಿನ ದೃಷ್ಟಿಯಲ್ಲಿ ನಾವು ಮೇಲ್ದಂಡೆ. ಆದರೆ ನಾಲೆಯಲ್ಲಿ ನಾನು ಕೊನೆಯವನು. ಮೇಲಿನವರ ತೂಬು ಮುಚ್ಚಿದ ಮೇಲೆಯೇ ನನ್ನ ಗದ್ದೆಗೆ ನೀರು, ಎಷ್ಟೋ ಸಲ ಅದೂ ಇಲ್ಲ. ಇದೇ ಹೇಮಾವತಿಯ ನೀರನ್ನು ಲಿಂಕ್ ಕೆನಾಲ್ ಮೂಲಕ ಮಾಗಡಿ ಕಡೆಗೆ ಒಯ್ಯುವುದನ್ನು ವಿರೋಧಿಸಿ ತುಮಕೂರಿನವರು ಬೀದಿಗಿಳಿದರು. ಭಾರತವೂ ಬಾಂಗ್ಲಾಕ್ಕೆ ಮೇಲ್ದಂಡೆಯಾದರೆ ನೇಪಾಳಕ್ಕೆ ಕೆಳದಂಡೆ. ಇಂದು ಫರಕ್ಕಾದಲ್ಲಿ ನಾವು ಹೂಡುವ ವಾದವನ್ನೇ ನಾಳೆ ಕಠ್ಮಂಡು ನಮ್ಮ ಮುಂದೆ ಹೂಡಿದರೆ ಏನು ಹೇಳೋಣ?

ರಾಜ್ಯಗಳನ್ನು ಬಿಟ್ಟು ಮಾಡಿದ ಮಾತುಕತೆಯೂ ನಿಲ್ಲುವುದಿಲ್ಲ. 1996ರಲ್ಲಿ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಜೊತೆಗಿದ್ದುದರಿಂದಲೇ ಒಪ್ಪಂದ ಸಾಧ್ಯವಾಯಿತು. 2011ರಲ್ಲಿ ಅಲ್ಲಿನ ಅಂದಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪದ ಕಾರಣ ಬಾಂಗ್ಲಾದೊಂದಿಗಿನ ತೀಸ್ತಾ ನದಿಯ ಒಪ್ಪಂದ ಸಹಿಯ ಹಂತದಲ್ಲಿ ನಿಂತುಹೋಯಿತು. ಫರಕ್ಕಾದಿಂದ ಹೂಳು ತುಂಬಿ ಪ್ರವಾಹ ಹೆಚ್ಚುತ್ತಿದೆ ಎಂಬ ಬಿಹಾರದ ದೂರನ್ನೂ ಈ ಸಲ ಮೇಜಿನ ಮೇಲಿಟ್ಟೇ ಮಾತಾಡಬೇಕು.

ಹಾಸನ ಮತ್ತು ಚಿಕ್ಕಮಗಳೂರು ಭಾಗದ ಸಂಸದರು ಪಕ್ಷಭೇದವಿಲ್ಲದೆ ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಲಿ. ಹೊಸ ಹರಿವಿನ ಲೆಕ್ಕ ಸಿದ್ಧವಾಗುವವರೆಗೆ ಹಳೆಯ ಒಪ್ಪಂದವನ್ನೇ ಒಂದೆರಡು ವರ್ಷ ಮುಂದುವರಿಸಿದರೂ ಸರಿ, ಅದು ತಾನಾಗಿ ಸಾಯಲು ಬಿಡಬಾರದು. ಡಿಸೆಂಬರ್ 12ರ ಗಡುವು ದಾಟಿದರೆ, ಜನವರಿ 1ರಂದು ಆರಂಭವಾಗಬೇಕಾದ ಮೊದಲ ಹತ್ತು ದಿನಗಳ ಅಳತೆಗೆ ಉಳಿಯುವುದು ಇಪ್ಪತ್ತು ದಿನ ಮಾತ್ರ.

ಇಂತಿ ತಮ್ಮ ಓದುಗ,
ಒಬ್ಬ ರೈತ, ಹಾಸನ ಜಿಲ್ಲೆ