ನೆನಪಿನ ಬರಹ ಕಳಿಸಿದವಳಿಗೆ

ಪ್ರೀತಿಯ ತಂಗಿಗೆ,

ತೀರಿಕೊಂಡ ಗೆಳತಿಯ ಕುರಿತ ನಿನ್ನ ಬರಹ ಓದಿದೆ. ಮೊದಲ ಪುಟದಲ್ಲೇ 'ತುಂಬಲಾರದ ನಷ್ಟ', 'ಬರಸಿಡಿಲು', 'ವಿಧಿಯಾಟ' ಎಲ್ಲವೂ ಬಂದುಬಿಟ್ಟಿವೆ. ಇವು ಶ್ರದ್ಧಾಂಜಲಿ ಫ್ಲೆಕ್ಸ್‌ಗಳ ಮಾತು. ಆ ಹುಡುಗಿ ಎಲ್ಲಿದ್ದಾಳೆ?

ನಿನಗೆ ಹಿಪ್ ಹಾಪ್ ಹುಚ್ಚು, ಆದ್ದರಿಂದ ಅಲ್ಲಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಪೀಟ್ ರಾಕ್ ಮತ್ತು ಸಿ.ಎಲ್. ಸ್ಮೂತ್ ಜೋಡಿ 1992ರಲ್ಲಿ ಹೊರತಂದ 'ದೇ ರೆಮಿನಿಸ್ ಓವರ್ ಯು' ಕೇಳು. (ರ‍್ಯಾಪ್‌ನ ಗದ್ದಲ ನನ್ನ ಕಿವಿಗೆ ಒಗ್ಗುವುದಿಲ್ಲ, ಇದು ಒಗ್ಗಿತು.) ಇಬ್ಬರೂ ನ್ಯೂಯಾರ್ಕ್ ನಗರದ ಮಗ್ಗುಲಿನ ಮೌಂಟ್ ವರ್ನನ್‌ನವರು. ಸಂಗೀತ ಪೀಟ್‌ನದು, ಮಾತು ಸ್ಮೂತ್‌ನದು. ಹೆವಿ ಡಿ ಎಂಬ ರ‍್ಯಾಪರ್‌ನ ತಂಡದಲ್ಲಿದ್ದ ಅವರ ಗೆಳೆಯ ಟ್ರಾಯ್ ಡಿಕ್ಸನ್ 1990ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಎತ್ತರದಿಂದ ಬಿದ್ದು ತೀರಿಕೊಂಡ. ಹಾಡು ಅವನಿಗಾಗಿ, ಶೀರ್ಷಿಕೆಯ ಪದಗಳ ಇಂಗ್ಲಿಷ್ ಮೊದಲಕ್ಷರಗಳನ್ನು (T, R, O, Y) ಕೂಡಿಸಿದರೆ ಅವನದೇ ಹೆಸರು.

ಆದರೆ ಸ್ಮೂತ್ ಶುರು ಮಾಡುವುದು ಸಾವಿನಿಂದಲ್ಲ, ತನ್ನದೇ ಹುಟ್ಟಿನಿಂದ. ಅಕ್ಟೋಬರ್ 8ರಂದು ಮಗು ಹುಟ್ಟಿದೆ. ಅಜ್ಜ ಅಂದು ಕುಡಿಯದೆ ಬಂದಿದ್ದಾನೆ. ಮಗುವಿನ ಕೈಕಾಲುಗಳ ಬೆರಳೆಣಿಕೆ ನಡೆದಿದೆ. ಕುಡಿಯದೆ ಬಂದ ಎಂಬ ಒಂದು ಮಾತಿನಲ್ಲೇ ಉಳಿದ ದಿನಗಳ ಅಜ್ಜನೂ ಕಣ್ಣಿಗೆ ಕಟ್ಟುತ್ತಾನೆ, ನೋಡು. ಮುಂದೆ ತಾಯಿ ಬರುತ್ತಾಳೆ. ಹೆತ್ತ ಅಪ್ಪ ತಿರುಗಿ ನೋಡದಿದ್ದಾಗ ಆ ಜಾಗದಲ್ಲಿ ನಿಂತು ಬೆಳೆಸಿದ ಹಿರಿಯ ಬರುತ್ತಾನೆ. ಗೆಳೆಯನಿಗೆ ಕಟ್ಟಿದ ಹಾಡಿನ ಬಹುಪಾಲು ಮನೆಯವರದೇ.

ಅಳುವ ಕೆಲಸ ಸ್ಯಾಕ್ಸೊಫೋನಿನದು. ಅದೂ ಎರವಲು. ಜೆಫರ್ಸನ್ ಏರ್‌ಪ್ಲೇನ್ ತಂಡದ 'ಟುಡೇ' ಹಾಡನ್ನು ಜಾಝ್ ವಾದಕ ಟಾಮ್ ಸ್ಕಾಟ್ 1967ರಲ್ಲಿ ತನ್ನ ರೀತಿಯಲ್ಲಿ ನುಡಿಸಿದ್ದ; ಪೀಟ್ ಅದರ ತುಣುಕೊಂದನ್ನು ಎತ್ತಿಕೊಂಡ. ಪೀಟ್‌ನ ಹೆಸರಿನೊಂದಿಗೇ ನೆನಪಾಗುವ, ಹಾಡಿನ ತುಣುಕುಗಳನ್ನು ಹಿಡಿದಿಟ್ಟು ಮತ್ತೆ ನುಡಿಸುವ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹಿಡಿಯುವುದೇ ಸುಮಾರು 10 ಸೆಕೆಂಡಿನಷ್ಟು ಧ್ವನಿ. ಜಾಗ ಉಳಿಸಲು ಆ ಕಾಲದವರು ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಶ್ರುತಿ ಇಳಿಸುತ್ತಿದ್ದರು. ಆ ಹಾಡುಗಳ ಒರಟು ನಾದಕ್ಕೆ ಇದೂ ಒಂದು ಕಾರಣ. ನೀನೋ ಇನ್ನೊಬ್ಬರ ಕವಿತೆಯನ್ನು ಇಡಿಯಾಗಿ ತಂದು ನಡುವೆ ಕೂರಿಸಿದ್ದೀಯೆ. ಎರಡು ಸಾಲು ಇಟ್ಟುಕೋ, ಉಳಿದದ್ದನ್ನು ಕತ್ತರಿಸು.

ಕೊನೆಯ ಪುಟದ ಮೂಲೆಯಲ್ಲಿ, ಗೆಳತಿಯ ತಾಯಿ ನಿಮ್ಮಿಬ್ಬರಿಗೂ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಡುತ್ತಿದ್ದರೆಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯೆ. ನಿನ್ನ ಮನೆಯ ಡಬ್ಬಿ ಏನಾಯಿತು? ಅವಳು ಕಡಲೆಬೀಜ ಆರಿಸಿ ತಿನ್ನುತ್ತಿದ್ದಳೇ, ನಿನಗೆ ಬಿಡುತ್ತಿದ್ದಳೇ? ಅಲ್ಲಿಂದ ಶುರು ಮಾಡು. ಸಾವಿನ ಸುದ್ದಿ ಎಷ್ಟು ತಡವಾಗಿ ಬಂದರೂ ಅಡ್ಡಿಯಿಲ್ಲ. ತಿದ್ದಿದ ಪ್ರತಿಯನ್ನು ಕಳಿಸು. ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಸಮಯವಿದೆ.

ಇಂತಿ,
ನಿನ್ನ ಅಕ್ಕ